ಮಣ್ಣಿನ ದಾರಿಗೊಂದು ಹಳೇ ಟೂ-ಸ್ಟ್ರೋಕ್ ಬೈಕು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೆಕ್ಯಾನಿಕ್ ಅಲ್ಲ. ಚಿಕ್ಕಮಗಳೂರು ಕಡೆ ಕಾಫಿ ತೋಟದ ದಾರಿಗಳಲ್ಲಿ ಒಂದು ಯಮಹಾ ಆರ್‌ಎಕ್ಸ್ 100, ಅಂದರೆ ಪೆಟ್ರೋಲ್ ಜೊತೆ ಎಣ್ಣೆಯನ್ನೂ ಸುಡುವ ಟೂ-ಸ್ಟ್ರೋಕ್ ಇಂಜಿನ್ನಿನ ಹಳೇ ಬೈಕು, ಇಟ್ಟುಕೊಂಡು ಓಡಾಡುವವನು. ಅದರ ಇಂಜಿನ್ ಮೂರು ಸಲ ಬಿಚ್ಚಿಸಿದ್ದೇನೆ. ಒಂದು ಸಲ ಗಾಡಿಯ ವಯಸ್ಸಿಗೆ, ಒಂದು ಸಲ ಧೂಳಿಗೆ, ಇನ್ನೊಂದು ಸಲ ನನ್ನದೇ ದಡ್ಡತನಕ್ಕೆ. ಊರಿನ ಹುಡುಗರು "ಅಣ್ಣಾ, ಒಂದು ಗಾಡಿ ನೋಡಿದೀನಿ, ಬಂದು ನೋಡ್ತೀರಾ?" ಅಂತ ಫೋನ್ ಮಾಡಿದಾಗೆಲ್ಲ ಅದೇ ಪ್ರಶ್ನೆ, ಅದೇ ಉತ್ತರ. ಅದಕ್ಕೇ ಒಂದು ಕಡೆ ಬರೆದಿಟ್ಟೆ.

ಆರ್‌ಎಕ್ಸ್ 100 ಆಫ್‌ರೋಡ್ ಬೈಕೇ ಅಲ್ಲವಲ್ಲ?

ಅಲ್ಲ. 1985ರಲ್ಲಿ ಎಸ್ಕಾರ್ಟ್ಸ್ ಕಂಪನಿ ಯಮಹಾ ಜೊತೆ ಸೇರಿ ಇದನ್ನು ತಂದಾಗ ಇದು ಪೇಟೆಯ ರಸ್ತೆಗೆ ಬಂದ ಗಾಡಿ. 98 ಸಿಸಿ, ನಾಲ್ಕು ಗೇರು, 11 ಬಿಎಚ್‌ಪಿ. 1996ರಲ್ಲಿ ನಿಂತುಹೋಯಿತು. ಆದರೆ ತೂಕ ನೂರು ಕೆಜಿಯ ಆಸುಪಾಸು. ಕೆಸರಲ್ಲಿ ಹೂತರೆ ಒಬ್ಬನೇ ಎತ್ತಿ ಪಕ್ಕಕ್ಕಿಡಬಹುದು. ಇಂಜಿನ್ ಒಳಗೆ ಫೋರ್-ಸ್ಟ್ರೋಕ್‌ನಂಥ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಟೈಮಿಂಗ್ ಚೈನ್ ಇಲ್ಲ. ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್, ಅಷ್ಟೇ. ಹಾಗಾಗಿ ನಮ್ಮಲ್ಲಿ ಡರ್ಟ್ ಟ್ರ್ಯಾಕ್ ಓಡಿಸುವವರು, ಕೈ ಪಳಗಿಸಿಕೊಳ್ಳುವವರು ತುಂಬಾ ಕಾಲ ಇದನ್ನೇ ಹಿಡಿದರು. ಕೈಗೆ ಸಿಗುವ, ಊರಲ್ಲೇ ರಿಪೇರಿ ಆಗುವ ಟೂ-ಸ್ಟ್ರೋಕ್ ಅಂದರೆ ನಮಗೆ ಇದೇ.

ಆರ್‌ಎಕ್ಸ್ 100 ತಗೊಳ್ಳಲಾ, 135 ತಗೊಳ್ಳಲಾ, ಯೆಜ್ಡಿ ತಗೊಳ್ಳಲಾ?

ಮಣ್ಣಿಗೆ ಅಂತಾದರೆ 135. ಅದು 132 ಸಿಸಿ, ಕೆಳಗಿನ ಎಳೆತ ಜಾಸ್ತಿ. ಏರಿನಲ್ಲಿ ಸುಮ್ನೆ ಗೇರ್ ಇಳಿಸುತ್ತಾ ಕೂರಬೇಕಿಲ್ಲ. ಐದು ಗೇರಿನದೂ ಸಿಗುತ್ತದೆ. 100ಕ್ಕೆ ಹೆಸರಿದೆ, ಹೆಸರಿಗೆ ಬೆಲೆಯಿದೆ. ಚೆನ್ನಾಗಿ ಮಾಡಿಸಿಟ್ಟ 100ಕ್ಕೆ ಈಗ ಲಕ್ಷ ದಾಟಿಸಿ ಕೇಳುತ್ತಾರೆ. ಅಷ್ಟು ಕೊಟ್ಟು ತಂದ ಗಾಡಿಯನ್ನು ಕೆಸರಿಗೆ ಇಳಿಸೋಕೆ ಮನಸ್ಸು ಬರುತ್ತಾ?

ಯೆಜ್ಡಿ ಬೇರೆ ಜಾತಿ. ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಆದದ್ದು, ಆ ಕಾರ್ಖಾನೆಯೂ 1996ರಲ್ಲೇ ಮುಚ್ಚಿತು. 250 ಸಿಸಿ, ಎರಡು ಸೈಲೆನ್ಸರ್, ಕಿಕ್ಕರೇ ಗೇರ್ ಲಿವರ್. ಗಟ್ಟಿಮುಟ್ಟು ಗಾಡಿ, ಆದರೆ ಭಾರ. ಅದರಲ್ಲಿ ಆಯಿಲ್ ಪಂಪ್ ಇಲ್ಲ, ಪೆಟ್ರೋಲಿಗೆ ಎಣ್ಣೆ ಬೆರೆಸಿಯೇ ಹಾಕಬೇಕು. ಪ್ರೀತಿ ಇದ್ದರೆ ಇಟ್ಟುಕೊಳ್ಳಿ. ಮೊದಲ ಮಣ್ಣಿನ ಬೈಕಾಗಿ ಬೇಡ.

ಫಾರಿನ್ ಮೋಟೋಕ್ರಾಸ್ ಬೈಕ್ ಒಂದು ಸಿಗ್ತಾ ಇದೆ, ತಗೋಬಹುದಾ?

ಟ್ರ್ಯಾಕ್‌ನಲ್ಲಿ ಮಾತ್ರ ಓಡಿಸುವವರಾದರೆ ನೋಡಿ. ಯಮಹಾ ವೈಜೆಡ್ 125 ತರಹದ ಗಾಡಿಗೆ ಲೈಟಿಲ್ಲ, ಹಾರ್ನಿಲ್ಲ, ನಂಬರ್ ಪ್ಲೇಟೂ ಆಗುವುದಿಲ್ಲ. ಮನೆಯಿಂದ ಟ್ರ್ಯಾಕ್‌ಗೆ ಪಿಕಪ್ ಗಾಡಿಯಲ್ಲಿ ಹೊತ್ತುಕೊಂಡೇ ಹೋಗಬೇಕು. ಪಿಸ್ಟನ್ನಿನ ಲೆಕ್ಕ ಅದರಲ್ಲಿ ಕಿಲೋಮೀಟರಿನಲ್ಲಿ ಅಲ್ಲ, ಗಂಟೆಯಲ್ಲಿ. ಆಮದು ಮಾಡಿದ ಕಾಗದ ತೋರಿಸದೆ ಮಾರುವವರಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ.

ಗಾಡಿ ನೋಡೋಕೆ ಹೋದಾಗ ಮೊದಲು ಏನು ನೋಡಬೇಕು?

ಸೈಲೆನ್ಸರ್ ಮುಟ್ಟಿ ನೋಡಿ. ಬಿಸಿ ಇದ್ದರೆ ಅನುಮಾನ ಪಡಿ. "ನಾನು ಬರೋವರೆಗೂ ಸ್ಟಾರ್ಟ್ ಮಾಡಬೇಡಿ" ಅಂತ ಮೊದಲೇ ಹೇಳಿದ್ದರೂ ಬಿಸಿ ಇದ್ದರೆ, ತಣ್ಣಗಿದ್ದಾಗ ಅದು ಸ್ಟಾರ್ಟ್ ಆಗುವುದಿಲ್ಲ ಅಂತಲೇ ಲೆಕ್ಕ.

ಆಮೇಲೆ ಕಿಕ್ಕರ್ ಅನ್ನು ಕಾಲಲ್ಲಿ ಹೊಡೆಯಬೇಡಿ. ಕೀ ಹಾಕದೆ, ಅಂಗೈಯಿಂದ ನಿಧಾನಕ್ಕೆ ಒತ್ತಿ. ಒಂದು ಜಾಗದಲ್ಲಿ ಅದು ಎದುರು ನಿಲ್ಲಬೇಕು. ಒತ್ತಿ ಹಿಡಿದರೆ ಒಂದೆರಡು ಸೆಕೆಂಡ್ ನಿಂತು, ಆಮೇಲೆ ಜಾರಿದಂತೆ ಇಳಿಯಬೇಕು. ಬೆಣ್ಣೆಯಲ್ಲಿ ಕೈ ಹೋದಂತೆ ಸಲೀಸಾಗಿ ಕೆಳಗೆ ಹೋದರೆ ಪಿಸ್ಟನ್ ರಿಂಗ್, ಬ್ಲಾಕ್ (ಪಿಸ್ಟನ್ ಓಡಾಡುವ ಸಿಲಿಂಡರ್) ಸವೆದಿದೆ. ಎಲ್ಲಾದರೂ ಕರಕರ ಅಂದರೆ ಬೇರಿಂಗ್ ಹೋಗಿದೆ. ಈ ಒಂದು ಪರೀಕ್ಷೆಗೆ ಸ್ಪ್ಯಾನರ್ ಬೇಡ, ಮೀಟರ್ ಬೇಡ.

ಈಗ ಸ್ಟಾರ್ಟ್ ಮಾಡಿಸಿ. ಚೋಕ್ ಎಳೆದು ಎರಡು ಮೂರು ಕಿಕ್ಕಿಗೆ ಬರಬೇಕು. ಶಬ್ದ ಕೇಳಿ. ಟೂ-ಸ್ಟ್ರೋಕ್ ಯಾವತ್ತೂ ಸ್ವಲ್ಪ ಗಲಗಲ ಅನ್ನುತ್ತದೆ, ಅದಕ್ಕೆ ಹೆದರಬೇಡಿ. ತಣ್ಣಗಿದ್ದಾಗ ಟಕಟಕ ಅಂದು ಬಿಸಿಯಾದ ಮೇಲೆ ಕಡಿಮೆಯಾದರೆ ಪಿಸ್ಟನ್ ಸ್ವಲ್ಪ ಸಡಿಲ ಇದೆ, ಬೆಲೆ ಇಳಿಸಿ ಕೇಳಬಹುದು. ಬಿಸಿಯಾದಷ್ಟೂ ಕೆಳಗಿನಿಂದ ಗುರ್ ಅನ್ನುವ ಶಬ್ದ ಜಾಸ್ತಿಯಾದರೆ ಅದು ಕ್ರ್ಯಾಂಕ್. ಅದು ದೊಡ್ಡ ಖರ್ಚು.

ಕೊನೆಗೆ, ಜೋರಾಗಿ ಒಂದು ಸಲ ಥ್ರಾಟಲ್ ಕೊಟ್ಟು ಬಿಡಿ. ಶಬ್ದ ತಕ್ಷಣ ಕೆಳಗೆ ಇಳಿಯಬೇಕು. ಇಳಿಯದೆ ಮೇಲೇ ತೇಲುತ್ತಾ ನಿಂತು, ನಿಧಾನಕ್ಕೆ ಇಳಿದರೆ ಇಂಜಿನ್ ಎಲ್ಲಿಂದಲೋ ಗಾಳಿ ಎಳೆಯುತ್ತಿದೆ. ಇದರ ಬಗ್ಗೆ ಕೆಳಗೆ ಉದ್ದಕ್ಕೆ ಬರೆದಿದ್ದೇನೆ. ಬೇರೆಲ್ಲ ಬಿಟ್ಟರೂ ಅದನ್ನು ಓದಿ.

ಚಾಸಿ ನೋಡುವುದು ಹೇಗೆ?

ಪೇಂಟ್ ನೋಡಬೇಡಿ, ವೆಲ್ಡಿಂಗ್ ನೋಡಿ. ಹ್ಯಾಂಡಲ್ ಕೂರುವ ಕೊಳವೆಯ ಸುತ್ತ, ಫುಟ್‌ರೆಸ್ಟ್ ಬುಡ, ಹಿಂದಿನ ಶಾಕ್ ಅಬ್ಸಾರ್ಬರ್ ಮೇಲ್ಗಡೆ ಹಿಡಿದಿರುವ ಜಾಗ. ಹಾರಿಸಿ ಓಡಿಸಿದ ಗಾಡಿ ಅಲ್ಲೇ ಬಿರುಕು ಬಿಡುತ್ತದೆ. ಪೇಂಟ್ ಮೇಲೆ ಕೂದಲೆಳೆಯಂಥ ತುಕ್ಕಿನ ಗೆರೆ ಕಂಡರೆ ಉಗುರಿನಿಂದ ಕೆರೆದು ನೋಡಿ. ಹಿಂದೆ ನಿಂತು ಎರಡು ಚಕ್ರ ಒಂದೇ ಸಾಲಿನಲ್ಲಿವೆಯಾ ಅಂತ ಒಂದು ಕಣ್ಣು ಮುಚ್ಚಿ ನೋಡಿ. ಸ್ವಿಂಗ್‌ಆರ್ಮ್ (ಹಿಂದಿನ ಚಕ್ರವನ್ನು ಹಿಡಿದಿರುವ ತೋಳು) ಹಿಡಿದು ಪಕ್ಕಕ್ಕೆ ಅಲುಗಿಸಿ, ಅಲುಗಿದರೆ ಬುಷ್ ಹೋಗಿದೆ. ಅದು ಚಿಕ್ಕ ಕೆಲಸ.

ಕಾಗದಪತ್ರದಲ್ಲಿ ಯಾವುದು ಮುಖ್ಯ?

ಆರ್‌ಸಿ ಜೀವಂತ ಇದೆಯಾ ಅನ್ನೋದು. ಖಾಸಗಿ ಗಾಡಿಗೆ ನೋಂದಣಿ 15 ವರ್ಷ. ಆಮೇಲೆ ಫಾರಂ 25 ಹಾಕಿ, ಗಾಡಿ ತೋರಿಸಿ, ಐದೈದು ವರ್ಷಕ್ಕೆ ನವೀಕರಿಸಬೇಕು. 1996ರ ಆಚೆಗೆ ಆರ್‌ಎಕ್ಸ್ 100 ಬಂದೇ ಇಲ್ಲ, ಅಂದರೆ ಪ್ರತಿಯೊಂದೂ ಇಷ್ಟರಲ್ಲಿ ಕನಿಷ್ಠ ಮೂರು ಸಲ ನವೀಕರಣ ಆಗಿರಬೇಕು. ಆಗಿಲ್ಲದಿದ್ದರೆ ಆ ದಂಡ, ತೆರಿಗೆ, ಓಡಾಟ ಎಲ್ಲಾ ನಿಮ್ಮ ತಲೆಗೆ. ಮಾಲೀಕರ ಹೆಸರು ಬದಲಿಸಲು ಫಾರಂ 29, 30. ಬೇರೆ ಆರ್‌ಟಿಒ ಕಡೆಯದಾದರೆ ಎನ್‌ಒಸಿಗೆ ಫಾರಂ 28.

ಇಂಜಿನ್ ನಂಬರ್, ಚಾಸಿ ನಂಬರ್ ಎರಡನ್ನೂ ನೀವೇ ತೆಗೆಯಿರಿ. ನಂಬರ್ ಮೇಲೆ ತೆಳ್ಳನೆ ಕಾಗದ ಇಟ್ಟು ಪೆನ್ಸಿಲ್ ಸೀಸವನ್ನು ಅಡ್ಡಡ್ಡ ಉಜ್ಜಿದರೆ ಅಕ್ಷರ ಮೂಡುತ್ತದೆ. ಅದನ್ನು ಆರ್‌ಸಿ ಪಕ್ಕ ಹಿಡಿದು ಒಂದೊಂದೇ ಅಂಕಿ ಓದಿ. ಒಂದು ಅಂಕಿ ಮಾತ್ರ ಉಳಿದವಕ್ಕಿಂತ ಆಳ ಇದ್ದರೆ, ಅಥವಾ ಸುತ್ತಲಿನ ಲೋಹ ಉಜ್ಜಿದಂತೆ ನುಣ್ಣಗಿದ್ದರೆ ಟೀ ಕುಡಿದು ಎದ್ದುಬನ್ನಿ. ಕದ್ದ ಆರ್‌ಎಕ್ಸ್‌ಗಳು ನಮ್ಮಲ್ಲಿ ಕಡಿಮೆಯೇನಿಲ್ಲ.

100ರ ಇಂಜಿನ್ ಕೇಸಿಗೆ 135ರ ಬ್ಲಾಕ್ ಕೂರಿಸಿ ಮಾರುವುದೂ ಇದೆ. ಓಡೋಕೆ ಮಜಾ ಇರುತ್ತದೆ, ಆದರೆ ಆರ್‌ಸಿಯಲ್ಲಿ 98 ಸಿಸಿ ಅಂತಲೇ ಇರುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಅದು ತಪ್ಪು.

ಇಷ್ಟು ಹೊಗೆ ಬಿಡುವ ಗಾಡಿ ಎಮಿಷನ್ ಟೆಸ್ಟ್ ಪಾಸಾಗುತ್ತಾ?

ಆಗುತ್ತದೆ. 2000ದ ಮಾರ್ಚ್ 31ಕ್ಕೆ ಮುಂಚೆ ತಯಾರಾದ ಟೂ-ಸ್ಟ್ರೋಕ್‌ಗೆ ಕಾರ್ಬನ್ ಮೊನಾಕ್ಸೈಡ್ ಮಿತಿ 4.5 ಶೇಕಡಾ, ಹೈಡ್ರೋಕಾರ್ಬನ್ 9000 ಪಿಪಿಎಂ. ಇಂಜಿನ್ ಸರಿಯಿದ್ದು ಹತ್ತು ನಿಮಿಷ ಓಡಿಸಿ ಬಿಸಿ ಮಾಡಿಕೊಂಡು ಹೋದರೆ ಸಾಕು.

ಯಾವ ಹೊಗೆ ಒಳ್ಳೆಯದು, ಯಾವುದು ಕೆಟ್ಟದ್ದು?

ತಣ್ಣಗೆ ಸ್ಟಾರ್ಟ್ ಮಾಡಿದಾಗ ಒಂದೆರಡು ನಿಮಿಷ ಹೊಗೆ ಬರುವುದು ಸಹಜ. ಸೈಲೆನ್ಸರ್ ಒಳಗೆ ಕೂತ ಎಣ್ಣೆ ಸುಡುತ್ತಿರುತ್ತದೆ. ಬಿಸಿಯಾದ ಮೇಲೆ ನೀಲಿ ಛಾಯೆಯ ತೆಳು ಹೊಗೆ ಇರಲಿ, ಅದು ಪಿಸ್ಟನ್‌ಗೆ ಎಣ್ಣೆ ಹೋಗುತ್ತಿದೆ ಅನ್ನುವ ಗುರುತು. ಹೊಗೆಯೇ ಇಲ್ಲ ಅಂತ ಮಾರುವವರು ಹೆಮ್ಮೆಪಟ್ಟರೆ ನನಗೆ ಹೆದರಿಕೆ ಆಗುತ್ತದೆ.

ಬಿಸಿಯಾದ ಮೇಲೂ ಸೊಳ್ಳೆಗೆ ಹೊಡೆಯುವ ಹೊಗೆಯಂತೆ ದಟ್ಟ ಬಿಳಿ ಹೊಗೆ ಬರುತ್ತಾ ಇದ್ದರೆ, ಜೊತೆಗೆ ಗೇರ್ ಆಯಿಲ್ ಮಟ್ಟ ಇಳಿಯುತ್ತಾ ಇದ್ದರೆ, ಕ್ಲಚ್ ಕಡೆಯ ಆಯಿಲ್ ಸೀಲ್ ಹೋಗಿದೆ. ಇಂಜಿನ್ ತನ್ನ ಗೇರ್ ಎಣ್ಣೆಯನ್ನೇ ಕುಡಿಯುತ್ತಿದೆ.

ಆಯಿಲ್ ಸೀಲ್, ಗಾಳಿ ಅಂತ ಯಾಕಿಷ್ಟು ಮಾತು? ನೂರಿನ್ನೂರು ರೂಪಾಯಿಯ ರಬ್ಬರ್ ಅಲ್ವಾ?

ಅಲ್ಲೇ ಇರೋದು ಗುಟ್ಟು. ಫೋರ್-ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್ ಇರುವ ಜಾಗ ಬರೀ ಎಣ್ಣೆಯ ಗುಂಡಿ. ಟೂ-ಸ್ಟ್ರೋಕ್‌ನಲ್ಲಿ ಅದೇ ಪಂಪು. ಪಿಸ್ಟನ್ ಮೇಲೆ ಹೋದಾಗ ಕಾರ್ಬೋರೇಟರ್‌ನಿಂದ ಪೆಟ್ರೋಲ್-ಗಾಳಿ ಕೆಳಗಿನ ಕೋಣೆಗೆ ಎಳೆದುಕೊಳ್ಳುತ್ತದೆ, ಕೆಳಗೆ ಬಂದಾಗ ಅದನ್ನು ಒತ್ತಿ ಮೇಲಕ್ಕೆ ಕಳಿಸುತ್ತದೆ. ಆ ಕೋಣೆ ಡಬ್ಬದ ಹಾಗೆ ಬಿಗಿಯಾಗಿರಬೇಕು. ಕ್ರ್ಯಾಂಕಿನ ಎರಡು ತುದಿ ಹೊರಗೆ ಬರುವ ಕಡೆ ಎರಡು ರಬ್ಬರ್ ಸೀಲ್ ಇವೆ. ಬಲಗಡೆ ಕ್ಲಚ್, ಎಡಗಡೆ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್.

ಮ್ಯಾಗ್ನೆಟ್ ಕಡೆಯ ಸೀಲ್ ಒಣಗಿ ಬಿರಿದರೆ ಅಲ್ಲಿಂದ ಸುಮ್ನೆ ಗಾಳಿ ನುಗ್ಗುತ್ತದೆ. ಆ ಗಾಳಿಯಲ್ಲಿ ಪೆಟ್ರೋಲೂ ಇಲ್ಲ, ಎಣ್ಣೆಯೂ ಇಲ್ಲ. ಮಿಶ್ರಣ ತೆಳ್ಳಗಾಗುತ್ತದೆ, ಪಿಸ್ಟನ್ ತಲೆ ಕಾಯುತ್ತದೆ, ಎಣ್ಣೆಯ ಪದರ ಹರಿಯುತ್ತದೆ, ಪಿಸ್ಟನ್ ಬ್ಲಾಕಿಗೆ ಕಚ್ಚಿ ಜಾಮ್. ಕೆಟ್ಟ ಸುದ್ದಿ ಏನಂದರೆ, ಜಾಮ್ ಆಗುವ ಮುಂಚೆ ಗಾಡಿ ಮಾಮೂಲಿಗಿಂತ ಚುರುಕಾಗಿ ಓಡುತ್ತದೆ.

ನನಗಾದದ್ದು ಇದೇ. ಹೊಸ ಪೇಂಟ್, ಹೊಸ ಸೀಟು, ಕ್ರೋಮ್ ಮಾಡಿಸಿದ ಮಡ್‌ಗಾರ್ಡ್, ಕನ್ನಡಿಯಂಥ ಗಾಡಿ. ಥ್ರಾಟಲ್ ಬಿಟ್ಟರೆ ಶಬ್ದ ಇಳಿಯುತ್ತಿರಲಿಲ್ಲ. ಕೇಳಿದರೆ ಮಾರಿದವನು "ರೇಸ್ ಟ್ಯೂನಿಂಗ್ ಸಾರ್, ಹಾಗೇ ಇರೋದು" ಅಂದ. ನಾನೂ ಖುಷಿಯಾಗಿ ತಲೆ ಆಡಿಸಿದೆ. ಹದಿನೈದು ದಿನಕ್ಕೆ ತೋಟದ ಏರಿನಲ್ಲಿ, ಎರಡನೇ ಗೇರಿನಲ್ಲಿ, ಇಂಜಿನ್ ಒಂದು ಸಲ ನರಳಿತು, ಹಿಂದಿನ ಚಕ್ರ ಬಿಗಿಯಿತು, ಮಣ್ಣಿನಲ್ಲಿ ಮೂರು ಮಾರು ಗೆರೆ ಎಳೆದು ನಿಂತಿತು. ಬಿಚ್ಚಿದಾಗ ಪಿಸ್ಟನ್ನಿನ ಸೈಲೆನ್ಸರ್ ಕಡೆಯ ಮೈ ಬೆಕ್ಕು ಪರಚಿದಂತಿತ್ತು. ಮ್ಯಾಗ್ನೆಟ್ ಸೀಲನ್ನು ಮೆಕ್ಯಾನಿಕ್ ಎರಡು ಬೆರಳಲ್ಲಿ ಮಡಚಿದ, ಹಳೇ ಹಪ್ಪಳದ ಹಾಗೆ ಮುರಿಯಿತು. ಬ್ಲಾಕ್ ಬೋರಿಂಗ್ (ಕೆಟ್ಟ ಒಳಮೈಯನ್ನು ಕೊರೆದು ಅಗಲಿಸುವುದು), ಪಿಸ್ಟನ್, ಲೇತ್ ಕೂಲಿ ಎಲ್ಲಾ ಸೇರಿ ಆ ರಬ್ಬರಿನ ಐವತ್ತು ಪಟ್ಟು ಕೊಟ್ಟೆ.

ಪರೀಕ್ಷೆ ಸುಲಭ. ಐಡಲಿಂಗ್‌ನಲ್ಲಿ ಬಿಟ್ಟು, ಕಾರ್ಬೋರೇಟರ್ ಮತ್ತು ಇಂಜಿನ್ ನಡುವಿನ ರಬ್ಬರ್ ಜಾಯಿಂಟ್, ಬ್ಲಾಕ್ ಕೆಳಗಿನ ಗ್ಯಾಸ್ಕೆಟ್ ಸುತ್ತ ಸೋಪಿನ ನೀರು ಸಿಂಪಡಿಸಿ. ಶಬ್ದ ಬದಲಾದ ಕಡೆ ತೂತಿದೆ. ಇನ್ನೂ ಖಚಿತ ಬೇಕೆಂದರೆ ಸೈಲೆನ್ಸರ್, ಕಾರ್ಬೋರೇಟರ್ ಬಿಚ್ಚಿ, ಬ್ಲಾಕಿನಲ್ಲಿ ಅವು ಕೂರುವ ಬಾಯಿಗಳನ್ನು ರಬ್ಬರಿನಿಂದ ಮುಚ್ಚಿ, ಸೈಕಲ್ ಪಂಪಿನಲ್ಲಿ 6 ಪಿಎಸ್‌ಐ ಗಾಳಿ ತುಂಬಿಸಿ ಆರು ನಿಮಿಷ ನೋಡುವುದು. ಒತ್ತಡ ನಿಂತರೆ ನೆಮ್ಮದಿ. ಅದಕ್ಕಿಂತ ಜಾಸ್ತಿ ಒತ್ತಡ ಹಾಕಬೇಡಿ, ಚೆನ್ನಾಗಿರುವ ಸೀಲೂ ಹೊರಗೆ ಬರುತ್ತದೆ.

ಹಳೇ ಟೂ-ಸ್ಟ್ರೋಕ್ ತಂದ ಮೊದಲ ವಾರವೇ, ಏನೂ ತೊಂದರೆ ಇಲ್ಲದಿದ್ದರೂ, ಮ್ಯಾಗ್ನೆಟ್ ಸೀಲ್ ಮತ್ತು ಆ ಕಾರ್ಬೋರೇಟರ್ ರಬ್ಬರ್ ಬದಲಿಸಿಬಿಡಿ. ಸ್ಟಿಕ್ಕರ್ ಆಮೇಲೆ ಹಾಕಿಸಿ.

ಬೋರಿಂಗ್ ಎಷ್ಟು ಸಲ ಮಾಡಿಸಬಹುದು?

ಆರ್‌ಎಕ್ಸ್ 100ರ ಮೂಲ ಅಳತೆ 50 ಮಿಮೀ. ದೊಡ್ಡ ಪಿಸ್ಟನ್‌ಗಳು 0.25ರ ಹೆಜ್ಜೆಯಲ್ಲಿ ಬರುತ್ತವೆ: 0.25, 0.50, 0.75, 1.00. ಕೊಳ್ಳುವಾಗ "ಪಿಸ್ಟನ್ ಎಷ್ಟು ಸೈಜ್ ಹಾಕಿದೆ?" ಅಂತ ಕೇಳಿ. 1.00 ಅಂದರೆ ಮುಂದಿನ ಸಲ ಹೊಸ ಬ್ಲಾಕ್ ಅಥವಾ ಹೊಸ ಸ್ಲೀವ್.

ಬೋರಿಂಗ್ ಮಾಡಿಸಿದ ಮೇಲೆ ಲೇತ್‌ನವನು ಪೋರ್ಟ್ ಅಂಚುಗಳನ್ನು ಮೊಂಡು ಮಾಡಿದ್ದಾನಾ ಅಂತ ಬೆರಳಾಡಿಸಿ ನೋಡಿ. ಬ್ಲಾಕ್ ಒಳಗಿನ ಕಿಟಕಿಗಳ ಅಂಚು ಬ್ಲೇಡಿನ ಹಾಗೆ ಬಿಟ್ಟರೆ ರಿಂಗ್ ಅಲ್ಲಿ ಸಿಕ್ಕಿ ಮುರಿಯುತ್ತದೆ. ಎಷ್ಟೋ ಜನ ಇದನ್ನು ಮರೆಯುತ್ತಾರೆ, ಆಮೇಲೆ "ಪಿಸ್ಟನ್ ಡೂಪ್ಲಿಕೇಟ್" ಅಂತ ಬೈಯುತ್ತಾರೆ. ಪಿಸ್ಟನ್ ಮೇಲಿನ ಬಾಣದ ಗುರುತು ಸೈಲೆನ್ಸರ್ ಕಡೆಗೆ. ಪಿನ್ನಿನ ಲಾಕ್ ಎರಡೂ ಹೊಸದೇ ಹಾಕಿ, ಹಳೆಯದನ್ನು ನೆಟ್ಟಗೆ ಮಾಡಿ ಹಾಕುವ ಜಿಪುಣತನ ಬೇಡ.

ಹೊಸ ಪಿಸ್ಟನ್‌ಗೆ ಮೊದಲ ಐನೂರು ಕಿಲೋಮೀಟರ್ ಒಂದೇ ವೇಗದಲ್ಲಿ ಎಳೆಯಬೇಡಿ. ಏರಿಸಿ, ಇಳಿಸಿ, ನಡುವೆ ನಿಲ್ಲಿಸಿ ತಣ್ಣಗಾಗಲು ಬಿಡಿ.

ಆಯಿಲ್ ಪಂಪ್ ತೆಗೆಸಿ ಪೆಟ್ರೋಲಿಗೇ ಎಣ್ಣೆ ಬೆರೆಸಿದರೆ ಒಳ್ಳೆಯದಂತೆ, ಹೌದಾ?

ರೇಸ್ ಓಡಿಸುವವರು ಹಾಗೆ ಮಾಡುತ್ತಾರೆ, ಅವರ ಇಂಜಿನ್ ಯಾವಾಗಲೂ ಜೋರಲ್ಲೇ ಇರುತ್ತದೆ. ನಿಮಗೆ ಬೇಡ. ಯಮಹಾದ ಆಟೋಲ್ಯೂಬ್ ಪಂಪ್ ಥ್ರಾಟಲ್ ನೋಡಿಕೊಂಡು ಎಣ್ಣೆ ಕೊಡುತ್ತದೆ. ಅದನ್ನು ಸರಿಯಾಗಿ ಇಟ್ಟುಕೊಂಡರೆ ಸಾಕು: ಎಣ್ಣೆ ಡಬ್ಬ ಖಾಲಿಯಾಗಲು ಬಿಡಬೇಡಿ, ಪೈಪಿನಲ್ಲಿ ಗಾಳಿಗುಳ್ಳೆ ಕಂಡರೆ ಪಂಪಿನ ಸ್ಕ್ರೂ ಸಡಿಲಿಸಿ ಗುಳ್ಳೆ ಹೋಗುವವರೆಗೆ ಹರಿಸಿ, ಥ್ರಾಟಲ್ ಕೇಬಲ್ ಮುಟ್ಟಿದಾಗೆಲ್ಲ ಪಂಪಿನ ಗುರುತು ಕೂಡಿದೆಯಾ ನೋಡಿ.

ಹಿಂದಿನ ಮಾಲೀಕ ಪಂಪ್ ತೆಗೆಸಿದ್ದರೆ ಬೆರೆಸಲೇಬೇಕು. ಲೆಕ್ಕ ಹೀಗೆ: 1:25 ಅಂದರೆ ಲೀಟರಿಗೆ 40 ಮಿಲಿ, 1:32 ಅಂದರೆ ಸುಮಾರು 31 ಮಿಲಿ. ಔಷಧಿ ಕೊಡುವ ಸಿರಿಂಜ್ ಒಂದು ಟೂಲ್ ಕಿಟ್‌ನಲ್ಲಿರಲಿ. ಇಂಥ ಗಾಡಿಯಲ್ಲಿ ಘಾಟಿ ಇಳಿಯುವಾಗ ಥ್ರಾಟಲ್ ಪೂರ್ತಿ ಮುಚ್ಚಿ ಇಂಜಿನ್ ಬ್ರೇಕಿನಲ್ಲೇ ಉದ್ದಕ್ಕೆ ಬರಬೇಡಿ. ಪೆಟ್ರೋಲ್ ಇಲ್ಲದಿದ್ದರೆ ಎಣ್ಣೆಯೂ ಇಲ್ಲ. ಆಗಾಗ ಕ್ಲಚ್ ಹಿಡಿದು ಒಂದೆರಡು ಸಲ ಥ್ರಾಟಲ್ ಕೊಡಿ.

ಎಣ್ಣೆ ಜಪಾನಿನ ಗುಣಮಟ್ಟದ ಗುರುತಾದ ಜಾಸೋ ಎಫ್‌ಸಿ ಅಥವಾ ಎಫ್‌ಡಿ ಅಂತ ಬರೆದದ್ದು ತಗೊಳ್ಳಿ. ದೋಣಿಯ ಇಂಜಿನ್ನಿನ ಟಿಸಿ-ಡಬ್ಲ್ಯೂ3 ಎಣ್ಣೆ ನೀರಿನಲ್ಲಿ ತಣ್ಣಗಾಗುವ ಇಂಜಿನ್ನಿಗೆ, ಇದಕ್ಕಲ್ಲ. ಗೇರ್ ಬಾಕ್ಸಿಗೆ ಬೇರೆ ಎಣ್ಣೆ. ಅಲ್ಲಿ ಕಾರಿನ ಎಣ್ಣೆ ಹಾಕಿದರೆ ಕ್ಲಚ್ ಜಾರಬಹುದು.

ಏರ್ ಫಿಲ್ಟರ್ ಎಷ್ಟು ದಿನಕ್ಕೆ ತೊಳೆಯಬೇಕು?

ಬೇಸಿಗೆಯ ಕೆಂಪು ಧೂಳಿನಲ್ಲಿ ಪ್ರತಿ ಸವಾರಿಗೆ. ಉತ್ಪ್ರೇಕ್ಷೆ ಅಲ್ಲ. ಧೂಳು ಫಿಲ್ಟರ್ ದಾಟಿದರೆ ಮೊದಲು ಹೋಗುವುದು ಕ್ರ್ಯಾಂಕ್ ಬೇರಿಂಗಿಗೆ, ಆಮೇಲೆ ಪಿಸ್ಟನ್ನಿಗೆ. ಎರಡು ಕಡೆ ಅರೆಯುವ ಕಲ್ಲು ಇಟ್ಟಂತೆ.

ಫೋಮನ್ನು ಸೀಮೆಎಣ್ಣೆಯಲ್ಲಿ ಹಿಸುಕಿ, ಸೋಪಿನ ನೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ. ಹಿಂಡಿ ತಿರುಚಬೇಡಿ, ಹರಿಯುತ್ತದೆ. ಒಣಗಿದ ಮೇಲೆ ಎಣ್ಣೆ ಹಾಕಿ ಎಲ್ಲಾ ಕಡೆ ಹಿಡಿಯುವಂತೆ ಹಿಸುಕಿ, ಹೆಚ್ಚಾದದ್ದು ತೆಗೆಯಿರಿ. ಅಜ್ಜಿ ಚಪಾತಿ ಹಿಟ್ಟಿಗೆ ಎಣ್ಣೆ ಹಾಕಿ ನಾದುತ್ತಿದ್ದದ್ದು ನೆನಪಿದ್ದರೆ ಅದೇ ಹದ. ಧೂಳು ಹಿಡಿಯುವುದು ಒಣ ಫೋಮ್ ಅಲ್ಲ, ಅದಕ್ಕೆ ಹಾಕಿದ ಎಣ್ಣೆ. ಫಿಲ್ಟರ್ ಬಾಕ್ಸ್ ಕಿತ್ತು ಬರೀ ಜಾಲರಿ ಹಾಕಿ "ಪಿಕಪ್ ಜಾಸ್ತಿ" ಅನ್ನುವವರ ಮಾತು ಕೇಳಬೇಡಿ.

ಕಾರ್ಬೋರೇಟರ್ ಸರಿ ಇದೆ ಅಂತ ಗೊತ್ತಾಗುವುದು ಹೇಗೆ?

ಸ್ಪಾರ್ಕ್ ಪ್ಲಗ್ ಹೇಳುತ್ತದೆ. ಹೊಸ ಪ್ಲಗ್ ಹಾಕಿ, ಸ್ವಲ್ಪ ದೂರ ಜೋರಾಗಿ ಓಡಿಸಿ, ಹಾಗೇ ಕ್ಲಚ್ ಹಿಡಿದು ಇಂಜಿನ್ ಆಫ್ ಮಾಡಿ ಪ್ಲಗ್ ಬಿಚ್ಚಿ. ಒಳಗಿನ ಪಿಂಗಾಣಿ ಗಟ್ಟಿ ಹಾಲಿನ ಕಾಫಿ ಬಣ್ಣಕ್ಕಿರಬೇಕು. ಕಪ್ಪಗೆ ಒದ್ದೆಯಾಗಿದ್ದರೆ ಪೆಟ್ರೋಲ್ ಜಾಸ್ತಿ, ಗಾಡಿ ಸ್ವಲ್ಪ ಮಂಕಾಗುತ್ತದೆ, ಅಷ್ಟೇ. ಸುಣ್ಣದಂತೆ ಬೆಳ್ಳಗಿದ್ದರೆ ಅಲ್ಲೇ ನಿಲ್ಲಿಸಿ. ಗಾಳಿ ಸೋರುತ್ತಿದೆ ಅಥವಾ ಜೆಟ್ (ಕಾರ್ಬೋರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತು) ಕಟ್ಟಿದೆ.

ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಚಿಕ್ಕಮಗಳೂರು ಪೇಟೆಯೇ ಸುಮಾರು ಸಾವಿರ ಮೀಟರ್ ಮೇಲಿದೆ. ಮಂಗಳೂರಿನಲ್ಲಿ ಟ್ಯೂನ್ ಮಾಡಿದ ಗಾಡಿ ಇಲ್ಲಿಗೆ ಬಂದರೆ ಗಾಳಿ ತೆಳು, ಪೆಟ್ರೋಲ್ ಜಾಸ್ತಿ ಆಗಿ ಕೆಮ್ಮುತ್ತದೆ. ತೊಂದರೆಯಿಲ್ಲ. ಇಲ್ಲಿ ಚಿಕ್ಕ ಜೆಟ್ ಹಾಕಿ ಟ್ಯೂನ್ ಮಾಡಿ ಘಾಟಿ ಇಳಿಸಿ ಕಡಲ ಮಟ್ಟದಲ್ಲಿ ಜೋರಾಗಿ ಎಳೆದರೆ ಜಾಮ್ ಆಗುವ ಅಪಾಯ. ಹಾಗಾಗಿ ನಾನು ಯಾವಾಗಲೂ ಒಂದು ಚೂರು ಪೆಟ್ರೋಲ್ ಜಾಸ್ತಿ ಇರುವ ಕಡೆಗೇ ಬಿಡುತ್ತೇನೆ.

ಓಡುವಾಗ ಜಾಮ್ ಆದರೆ ಏನು ಮಾಡಬೇಕು?

ಕ್ಲಚ್. ತಕ್ಷಣ. ಹಳೇ ಟೂ-ಸ್ಟ್ರೋಕ್ ಓಡಿಸುವವರ ಎಡಗೈಯ ಎರಡು ಬೆರಳು ಯಾವಾಗಲೂ ಲಿವರ್ ಮೇಲಿರುವುದು ಅದಕ್ಕೇ. ಜಾಮ್ ಆಗುವ ಮುಂಚೆ ಇಂಜಿನ್ ಸ್ವರ ಬದಲಾಗುತ್ತದೆ, ಯಾರೋ ಹಿಂದಿನಿಂದ ಎಳೆದಂತೆ ಅನಿಸುತ್ತದೆ. ಆಗಲೇ ಹಿಡಿದರೆ ಬೀಳುವುದು ತಪ್ಪುತ್ತದೆ.

ಅರ್ಧ ಗಂಟೆ ತಣ್ಣಗಾದ ಮೇಲೆ ಕಿಕ್ಕರ್ ಸಲೀಸಾಗಿ ತಿರುಗಿದರೂ, ಸ್ಟಾರ್ಟ್ ಆದರೂ, ಹಾಗೇ ಓಡಿಸಿಕೊಂಡು ತಿಂಗಳು ತಳ್ಳಬೇಡಿ. ಬ್ಲಾಕ್ ಬಿಚ್ಚಿ ನೋಡಿ. ಜೊತೆಗೆ ಯಾಕೆ ಆಯಿತು ಅಂತ ಹುಡುಕಿ. ಕಾರಣ ಸಿಗದೆ ಹೊಸ ಪಿಸ್ಟನ್ ಹಾಕಿದರೆ ಅದೂ ಹೋಗುತ್ತದೆ.

ಸೈಲೆನ್ಸರ್ ಒಳಗಿನ ಬಫಲ್ (ಶಬ್ದ ತಗ್ಗಿಸುವ ಕೊಳವೆ) ತೆಗೆದರೆ ಸ್ಪೀಡ್ ಬರುತ್ತಾ?

ಶಬ್ದ ಬರುತ್ತದೆ. ಟೂ-ಸ್ಟ್ರೋಕ್ ಸೈಲೆನ್ಸರ್ ಬರೀ ಹೊಗೆಯ ಕೊಳವೆ ಅಲ್ಲ. ಅದರ ಆಕಾರದಿಂದ ಒತ್ತಡದ ಅಲೆ ವಾಪಸ್ ಬಂದು, ಹೊರಗೆ ಹೋಗುತ್ತಿದ್ದ ಪೆಟ್ರೋಲನ್ನು ಬ್ಲಾಕಿನೊಳಗೇ ತಳ್ಳುತ್ತದೆ. ಅದನ್ನು ಕೆಡಿಸಿದರೆ ಕೆಳಗಿನ ಎಳೆತ ಹೋಗುತ್ತದೆ, ಮಣ್ಣಿನ ಏರಿಗೆ ಬೇಕಾದ್ದೇ ಅದು. ಬಫಲ್ ಬಿಚ್ಚಿ, ಇಂಗಾಲ ಕೆರೆದು, ವಾಪಸ್ ಹಾಕಿ. ಅದರಲ್ಲೇ ಅರ್ಧ ಪಿಕಪ್ ಮರಳಿ ಬರುತ್ತದೆ.

ಟೈರ್, ಸ್ಪ್ರಾಕೆಟ್, ಬ್ರೇಕ್?

ಮಣ್ಣು ಕಚ್ಚುವ ಉಬ್ಬುಗಳಿರುವ ಟೈರ್ ಹಾಕಿ, ಆದರೆ ಮೂಲ ಅಳತೆಗಿಂತ ತುಂಬಾ ದಪ್ಪ ಬೇಡ. ಕೆಸರು ತುಂಬಿದರೆ ಮಡ್‌ಗಾರ್ಡಿಗೆ ಕಚ್ಚುತ್ತದೆ. ಹಿಂದಿನ ಸ್ಪ್ರಾಕೆಟ್‌ಗೆ ಎರಡು ಮೂರು ಹಲ್ಲು ಜಾಸ್ತಿ ಇರುವುದು ಹಾಕಿದರೆ ಏರು ಸುಲಭ. ಡ್ರಮ್ ಬ್ರೇಕ್ ಹಳ್ಳ ದಾಟಿದ ಮೇಲೆ ಹಿಡಿಯುವುದಿಲ್ಲ, ನಿಧಾನಕ್ಕೆ ಒತ್ತಿಕೊಂಡೇ ಸ್ವಲ್ಪ ದೂರ ಹೋಗಿ ಒಣಗಿಸಿ.

ಹಳ್ಳದಲ್ಲಿ ನೀರು ಕುಡಿದು ನಿಂತರೆ?

ಕಿಕ್ ಹೊಡೆಯಬೇಡಿ. ಮೊದಲು ಪ್ಲಗ್ ಬಿಚ್ಚಿ. ಗೆಳೆಯರು ಇದ್ದರೆ ಗಾಡಿಯನ್ನು ತಲೆಕೆಳಗು ಮಾಡಿ, ಅದೇ ಸಣ್ಣ ಬೈಕಿನ ಲಾಭ, ಪ್ಲಗ್ ತೂತಿನಿಂದ ನೀರು ಸುರಿಯಲಿ. ಆ ಭಂಗಿಯಲ್ಲೇ ಕಿಕ್ಕರನ್ನು ಕೈಯಿಂದ ಆಡಿಸಿ. ಕಾರ್ಬೋರೇಟರ್ ಬೌಲ್ ಖಾಲಿ ಮಾಡಿ, ಫಿಲ್ಟರನ್ನು ತಿರುಚದೆ ಹಿಸುಕಿ ನೀರು ತೆಗೆದು, ಒಣಗಿದ ಪ್ಲಗ್ ಹಾಕಿ. ಮನೆಗೆ ಬಂದ ಮೇಲೆ ಗೇರ್ ಆಯಿಲ್ ನೋಡಿ. ಬೆಳ್ಳಗೆ ಮಜ್ಜಿಗೆಯ ಹಾಗಾಗಿದ್ದರೆ ಅಂದೇ ಬದಲಿಸಿ.

ಈಗಿನ ಎಥನಾಲ್ ಪೆಟ್ರೋಲ್‌ನಿಂದ ತೊಂದರೆಯಾ?

ಹಳೇ ಗಾಡಿಗೆ ಹೌದು. ಬಂಕಿನಲ್ಲಿ ಈಗ ಸಿಗುವುದು ಶೇಕಡಾ 20ರಷ್ಟು ಎಥನಾಲ್ ಬೆರೆತದ್ದು. ಹಳೇ ರಬ್ಬರ್ ಪೈಪ್ ಮೆತ್ತಗಾಗುತ್ತದೆ, ಮಲೆನಾಡಿನ ತೇವದಲ್ಲಿ ಅದು ನೀರು ಹೀರಿಕೊಳ್ಳುತ್ತದೆ, ಮಿಶ್ರಣವೂ ಸ್ವಲ್ಪ ತೆಳ್ಳಗಾಗುತ್ತದೆ. ಪೆಟ್ರೋಲ್ ಪೈಪ್ ಹೊಸದು ಹಾಕಿ. ವಾರಕ್ಕಿಂತ ಜಾಸ್ತಿ ನಿಲ್ಲಿಸುವುದಾದರೆ ಟ್ಯಾಪ್ ಮುಚ್ಚಿ, ಕಾರ್ಬೋರೇಟರ್ ಒಣಗಿ ತಾನೇ ನಿಲ್ಲುವವರೆಗೆ ಓಡಿಸಿ. ಪ್ಲಗ್ ಬೆಳ್ಳಗಾಗುತ್ತಿದ್ದರೆ ಒಂದು ಸೈಜ್ ದೊಡ್ಡ ಮೇನ್ ಜೆಟ್.

ಎಲ್ಲಿ ಓಡಿಸಬಹುದು?

ನಿಮ್ಮ ತೋಟ, ಒಪ್ಪಿಗೆ ಕೊಟ್ಟವರ ತೋಟ, ಊರಿನ ಮಣ್ಣು ರಸ್ತೆ. ರಕ್ಷಿತ ಅರಣ್ಯಕ್ಕೆ ಅನುಮತಿ ಇಲ್ಲದೆ ಗಾಡಿ ನುಗ್ಗಿಸಿದರೆ ಕೇಸು. ಹಾಕಲೇಬೇಕು ಕೂಡ, ಟೂ-ಸ್ಟ್ರೋಕ್ ಶಬ್ದ ಕಣಿವೆಯಲ್ಲಿ ಎಷ್ಟು ದೂರ ಹೋಗುತ್ತದೆ ಅಂತ ನಮಗೇ ಗೊತ್ತಲ್ಲ. ಸ್ಪರ್ಧೆಗೆ ಇಳಿಯುವ ಆಸೆ ಇದ್ದರೆ ದೇಶದ ಮೋಟಾರ್ ಸ್ಪರ್ಧೆಗಳನ್ನು ನೋಡಿಕೊಳ್ಳುವ ಸಂಸ್ಥೆಯಾದ ಎಫ್‌ಎಂಎಸ್‌ಸಿಐ ಲೈಸೆನ್ಸ್ ಮಾಡಿಸಿಕೊಂಡು ಅವರ ಅನುಮತಿ ಇರುವ ಡರ್ಟ್ ಟ್ರ್ಯಾಕ್, ರ‍್ಯಾಲಿಗೆ ಹೋಗಿ.

ಮಳೆಗಾಲದಲ್ಲಿ ಮೂರು ತಿಂಗಳು ನಿಲ್ಲಿಸುವುದಾದರೆ?

ಟ್ಯಾಂಕ್ ಪೂರ್ತಿ ತುಂಬಿಸಿ, ಇಲ್ಲವೇ ಪೂರ್ತಿ ಖಾಲಿ ಮಾಡಿ. ಅರ್ಧ ಬಿಟ್ಟರೆ ಮೇಲಿನ ಅರ್ಧ ತುಕ್ಕು. ಪ್ಲಗ್ ಬಿಚ್ಚಿ ಒಂದು ಚಮಚ 2ಟಿ (ಟೂ-ಸ್ಟ್ರೋಕ್) ಎಣ್ಣೆ ಬಿಟ್ಟು, ಕಿಕ್ಕರ್ ಕೈಯಲ್ಲಿ ನಾಲ್ಕು ಸಲ ತಿರುಗಿಸಿ, ಪ್ಲಗ್ ವಾಪಸ್ ಹಾಕಿ. ಟಾರ್ಪಲ್ ಹೊದಿಸುವುದಾದರೆ ಕೆಳಗೆ ಗಾಳಿಯಾಡಲಿ.

ಸೈಲೆನ್ಸರ್ ಬಾಯಿಗೆ ಹಳೇ ಬಟ್ಟೆ ತುರುಕಿ. ಇಲ್ಲದಿದ್ದರೆ ಕಣಜ ಬಂದು ಒಳಗೆ ಮಣ್ಣಿನ ಗೂಡು ಕಟ್ಟುತ್ತದೆ. ಏರ್ ಫಿಲ್ಟರ್ ಬಾಕ್ಸ್ ಇಲಿಗೆ ಇಷ್ಟ, ಅದರ ಬಾಯಿಗೂ ಒಂದು ಚೂರು ಬಟ್ಟೆ. ಎರಡೂ ಬಟ್ಟೆಗೆ ಉದ್ದ ದಾರ ಕಟ್ಟಿ ಹ್ಯಾಂಡಲ್‌ಗೆ ಸುತ್ತಿಡಿ. ನಾನು ಒಂದು ವರ್ಷ ದಾರ ಕಟ್ಟಿರಲಿಲ್ಲ. ದಸರಾ ದಿನ ಪೂಜೆ ಮಾಡಿ, ನಿಂಬೆಹಣ್ಣು ಇಟ್ಟು, ಮನೆಯವರೆಲ್ಲ ನಿಂತು ನೋಡುತ್ತಿದ್ದಾಗ ಮೂವತ್ತು ಕಿಕ್ ಹೊಡೆದೆ. ಕೊನೆಗೆ ಹಿಂದೆ ನಿಂತಿದ್ದ ತಂಗಿಯ ಮಗಳು "ಮಾವ, ಇದರ ಬಾಯಲ್ಲಿ ನಿಮ್ಮ ಬನಿಯನ್ ಇದೆ" ಅಂದಳು.